ಹಿಡಿಕೆ ಇಲ್ಲದ ಫ್ರಿಜ್ಜು

ಒಂದು ಫ್ರಿಜ್ಜಿನ ಹಿಡಿಕೆಯಿಂದಾಗಿ ಹುನಗುಂದ ತಾಲೂಕಿನ ಇಬ್ಬರು ಅಣ್ಣತಮ್ಮಂದಿರು ಎರಡು ವರ್ಷ ಮಾತು ಬಿಟ್ಟಿದ್ದರು. ಫ್ರಿಜ್ಜು ಅವರದಲ್ಲ, ಅವರು ಅದನ್ನು ಕಣ್ಣಿನಿಂದ ನೋಡಿಯೂ ಇಲ್ಲ. ಅದು ಬಾಗಲಕೋಟೆಯ ನವನಗರದಲ್ಲಿ, ನನ್ನ ಅಡುಗೆಮನೆಯಲ್ಲಿದೆ. ಈ ಸಂಗತಿ ನನಗೆ ಗೊತ್ತಾಗುವ ಹೊತ್ತಿಗೆ ನಾನು ಅದೇ ಅಣ್ಣನಿಗೆ ಬುದ್ಧಿ ಹೇಳಿ ಬರಲೆಂದು ಬಸ್ಸು ಹತ್ತಿ ಅವನ ಮನೆವರೆಗೆ ಹೋಗಿದ್ದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಈಗ ಹೆಡ್‌ಮಾಸ್ತರನಾದವನಿಗೆ ಬುದ್ಧಿ ಹೇಳುವ ಚಟ ಸುಲಭಕ್ಕೆ ಬಿಡುವುದಿಲ್ಲ.

ಶುರುವಾದದ್ದು ಕಾರಿನಿಂದ. ನನ್ನ ಹೆಂಡತಿಯ ತವರು ಬಾದಾಮಿ. ಮೊಣಕಾಲು ನೋವು ಬಂದ ಮೇಲೆ ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿ, ತಿಂಗಳಿಗೊಮ್ಮೆ ತಾಯಿಯನ್ನು ನೋಡಿ ಬರುತ್ತಿದ್ದವಳು ಹಬ್ಬಕ್ಕೊಮ್ಮೆ ಹೋಗುವಂತಾಗಿತ್ತು. ಒಂದು ಹಳೆಯ ಕಾರು ತೆಗೆದುಕೊಂಡರಾಯಿತು ಎಂದು ನಾನೇ ದೊಡ್ಡ ಮನಸ್ಸು ಮಾಡಿದೆ. ಕಾರು ಓಡಿಸುವುದನ್ನೂ ಕಲಿತೆ. ನನಗೆ ಕಲಿಸಿದವನು ಈಗ ಬೇರೆ ಉದ್ಯೋಗ ನೋಡಿಕೊಂಡಿದ್ದಾನೆ. ಸಂಬಳ ಬೀಳುವ ಬ್ಯಾಂಕಿಗೇ ಹೋಗಿ, ಸಾಲ ಪಡೆದು ಅವರಿಗೆ ಉಪಕಾರ ಮಾಡಲು ಬಂದವನ ಗತ್ತಿನಲ್ಲಿ ಕುರ್ಚಿ ಎಳೆದು ಕೂತೆ. ಹುಟ್ಟಿದಾಗಿನಿಂದ ಯಾರ ಹತ್ತಿರವೂ ಹತ್ತು ರೂಪಾಯಿ ಬಾಕಿ ಉಳಿಸಿಕೊಂಡವನಲ್ಲ ಎಂದು, ಯಾರೂ ಕೇಳದಿದ್ದರೂ, ಹೇಳಿದೆ.

ಸಾಲದ ಅಧಿಕಾರಿ ಮೈಸೂರು ಕಡೆಯ ಹುಡುಗಿ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ನನ್ನ ಹೆಸರಿನ ಸಾಲದ ವರದಿ ಅದು. ಅದರ ಪ್ರಕಾರ ನಾನು ಮೂರು ಸಲ ಕುರಿ ಸಾಕಣೆಗೆ ಸಾಲ ತೆಗೆದುಕೊಂಡಿದ್ದೆ. ಎರಡು ತೀರಿದ್ದವು, ಒಂದು ಇನ್ನೂ ನಡೆಯುತ್ತಿತ್ತು. ನಾಲ್ಕನೆಯದು ಯಾವುದೋ ಫೈನಾನ್ಸ್ ಕಂಪನಿಯದು, ಗೃಹಬಳಕೆ ವಸ್ತುವಿಗೆ ಕೊಟ್ಟದ್ದು. ಅದರಲ್ಲಿ ಎರಡು ಕಂತು ಕಟ್ಟದೆ ಉಳಿದಿದ್ದವು. ಅದು ಹಾಗೇ ಇರುವವರೆಗೆ ಕಾರಿನ ಸಾಲ ಆಗುವುದಿಲ್ಲ ಎಂದು ಅವಳು ಬಹಳ ಮರ್ಯಾದೆಯಿಂದ ಹೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ವಂಶದಲ್ಲಿ ಯಾರೂ ಕುರಿ ಸಾಕಿಲ್ಲ, ಆ ಕಂಪನಿಯ ಹೆಸರನ್ನೇ ನಾನು ಕೇಳಿಲ್ಲ, ಯಾವನೋ ಕಳ್ಳ ನನ್ನ ಹೆಸರಿನಲ್ಲಿ ಮಜಾ ಮಾಡಿದ್ದಾನೆ ಎಂದು ಇಡೀ ಬ್ಯಾಂಕಿಗೆ ಕೇಳುವ ಹಾಗೆ ಪಾಠ ಮಾಡಿದೆ. ಅವಳು ಕುಡಿಯಲು ನೀರು ಕೊಟ್ಟು, ನನ್ನ ಹುಟ್ಟಿದ ದಿನ ಕೇಳಿದಳು. ಜೂನ್ ಒಂದು ಎಂದೆ. ಸಣ್ಣಗೆ ನಕ್ಕಳು. ಈ ಕಡೆಗೆ ವರ್ಗವಾಗಿ ಬಂದ ಮೇಲೆ ತಾನು ನೋಡಿದ ಅರ್ಜಿಗಳಲ್ಲಿ ಅರ್ಧಕ್ಕರ್ಧ ಜನ ಅದೇ ದಿನ ಹುಟ್ಟಿದವರು ಎಂದಳು.

ನಾನು ನೀರಿನ ಲೋಟ ಬರಿದು ಮಾಡಿದೆ. ಉತ್ತರ ಕೊಟ್ಟಿದ್ದರೆ ತಪ್ಪೊಪ್ಪಿಗೆ ಆಗುತ್ತಿತ್ತು. ನಮ್ಮ ಕಡೆ ಮಗುವನ್ನು ಶಾಲೆಗೆ ಹಾಕಲು ಬಂದ ತಂದೆತಾಯಿಗಳನ್ನು ಹುಟ್ಟಿದ ದಿನ ಕೇಳಿದರೆ ಸೀಗಿ ಹುಣ್ಣಿಮೆಯ ಹಿಂದುಮುಂದು ಎನ್ನುತ್ತಿದ್ದರು, ಇಲ್ಲವೆ ದೊಡ್ಡ ಮಳೆ ಬಂದ ವರ್ಷ ಎನ್ನುತ್ತಿದ್ದರು. ಸೀಗಿ ಹುಣ್ಣಿಮೆಯನ್ನು ದಾಖಲಾತಿ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ. ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ಸರಿಯಾಗಿ ತುಂಬಿರಬೇಕು. ಮಾಸ್ತರ ಮಗುವಿನ ಹಲ್ಲು, ಎತ್ತರ ನೋಡಿ ಒಂದು ವರ್ಷ ಅಂದಾಜು ಮಾಡಿ, ಅದರ ಮುಂದೆ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದ. ನನಗೆ ನನ್ನ ಮಾಸ್ತರ ಹಾಗೆ ಬರೆದರು. ನಾನು ಮಾಸ್ತರನಾದ ಮೇಲೆ ನೂರಾರು ಮಕ್ಕಳಿಗೆ ಅದನ್ನೇ ಬರೆದೆ. ಅಕ್ಷರ ಮಾತ್ರ ಮುತ್ತಿನಂತೆ ಇರುತ್ತಿದ್ದವು. ಮೇ ತಿಂಗಳ ಕೊನೆಯ ದಿನ ನಮ್ಮ ಇಲಾಖೆಯಲ್ಲಿ ಅಷ್ಟೊಂದು ಜನ ಒಟ್ಟಿಗೆ ನಿವೃತ್ತರಾಗುವುದು ಇದೇ ಕಾರಣಕ್ಕೆ. ಆ ದಿನ ಹೂವಿನ ಹಾರ ಬೇಕಾದವರು ಮೊದಲೇ ಹೇಳಿಡಬೇಕು.

ಇನ್ನು ಹೆಸರು. ತುಳಸಿಗೇರಿ ಹನಮಪ್ಪನಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಕ್ಕಳಿಗೆ ಆ ದೇವರ ಹೆಸರು ಬಿಟ್ಟು ಬೇರೆ ಇಡುವುದಿಲ್ಲ. ನಮ್ಮ ಅಪ್ಪನದೂ ಊರಿಗೆ ನಾಲ್ಕು ಸಿಗುವ ಹೆಸರು. ಅಡ್ಡಹೆಸರು ಹಿರಿಯರು ಬಿಟ್ಟು ಬಂದ ಹಳ್ಳಿಯದು. ಹಳೆಯ ಸಾಲಗಳಲ್ಲಿ ಪ್ಯಾನ್ ನಂಬರು ಇಲ್ಲದಿದ್ದರೆ ವರದಿ ಮಾಡುವ ಕಂಪನಿಯ ಯಂತ್ರ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಪಿನ್‌ಕೋಡು ಹೊಂದಿಸಿ ನೋಡಿ, ಒಬ್ಬನೇ ಮನುಷ್ಯ ಎಂದು ತಿಳಿದು ಒಂದೇ ಕಡತಕ್ಕೆ ಸೇರಿಸಿಬಿಡುತ್ತದೆ ಎಂದು ಆ ಹುಡುಗಿ ತಿಳಿಸಿ ಹೇಳಿದಳು. ಆನ್‌ಲೈನಿನಲ್ಲಿ ತಕರಾರು ಹಾಕಿ, ಒಂದು ತಿಂಗಳೊಳಗೆ ಸರಿಮಾಡುತ್ತಾರೆ ಎಂದಳು.

ತಕರಾರು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮನೆಗೆ ಬಂದವನೇ ಫೋನು ಹಿಡಿದು ಕೂತೆ. ಪ್ರತಿ ಸಾಲದ ಕೆಳಗೂ ‘ಈ ಖಾತೆ ನನ್ನದಲ್ಲ’ ಎಂದು ಗುರುತು ಹಾಕುವ ಜಾಗವಿತ್ತು. ನಾಲ್ಕಕ್ಕೂ ಹಾಕಿದೆ. ವಿವರ ಬರೆಯುವ ಜಾಗದಲ್ಲಿ ‘ಮಾನ್ಯರೇ’ ಎಂದು ಶುರುಮಾಡಿ ನನ್ನ ಸೇವಾವಧಿ, ಪಡೆದ ಪ್ರಶಸ್ತಿ, ನಡತೆ ಎಲ್ಲ ಬರೆಯುತ್ತ ಹೋದೆ. ಕುರಿಯ ವಿಷಯಕ್ಕೆ ಬರುವಷ್ಟರಲ್ಲಿ ಜಾಗ ತೀರಿತು. ಬಗಲಲ್ಲಿ ಕೂತಿದ್ದ ಹೆಂಡತಿ ನಾಲ್ಕನೆಯದರ ಮೇಲೆ ಬೆರಳಿಟ್ಟು, ಇದು ಇಳಕಲ್ಲಿನ ಶಾಖೆ, ಆಗ ನಾವೂ ಇಳಕಲ್ಲಿನಲ್ಲೇ ಇದ್ದೆವಲ್ಲ ಎಂದಳು. ಇಳಕಲ್ಲಿನಲ್ಲಿ ನಾವಿಬ್ಬರೇ ಇದ್ದೆವೇನು ಎಂದು ಅವಳ ಬಾಯಿ ಮುಚ್ಚಿಸಿದೆ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ವರದಿಯಲ್ಲಿ ಕುರಿ ಸಾಲದ ಮುಂದೆ ವಿಳಾಸವೂ ಇತ್ತು. ಮರೋಳದ ಹತ್ತಿರದ ಒಂದು ಹಳ್ಳಿ, ಇಳಕಲ್ಲಿನಿಂದ ಓಡಾಡಿಕೊಂಡು ನಾನು ಒಂಬತ್ತು ವರ್ಷ ಕಲಿಸಿದ ಊರಿನ ಪಕ್ಕದ್ದು. ಎರಡಕ್ಕೂ ಅಂಚೆ ಕಚೇರಿ ಒಂದೇ. ಮುಂದಿನ ರವಿವಾರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮೂರು ಅಂಶಗಳನ್ನು ಮನಸ್ಸಿನಲ್ಲೇ ಒಪ್ಪ ಮಾಡಿಕೊಂಡೆ. ಹಳ್ಳಿಯಲ್ಲಿ ಇಳಿದು ನನ್ನ ಹೆಸರನ್ನೇ ಕೇಳುತ್ತ ಹೋದೆ. ಎಲ್ಲರೂ ದಾರಿ ತೋರಿಸಿದರು.

ನನ್ನ ಹೆಸರಿನ ಮನುಷ್ಯ ಕುರಿ ಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪನ ಗುಡಿಯ ಅರಿಸಿನಪುಡಿ. ಅದನ್ನು ಅವರು ಭಂಡಾರ ಎನ್ನುತ್ತಾರೆ. ಕಾಗದದ ಮೇಲೆ ಇಬ್ಬರೂ ಒಂದೇ ದಿನ ಹುಟ್ಟಿದವರು. ನೋಡಿದರೆ ಅವನು ನನಗಿಂತ ಐದಾರು ವರ್ಷವಾದರೂ ಚಿಕ್ಕವನು. ವಯಸ್ಸು ಬರೆಯುವುದರಲ್ಲಿ ಅವನ ಮಾಸ್ತರರದು ನನ್ನ ಮಾಸ್ತರರಿಗಿಂತ ಧಾರಾಳದ ಕೈ ಇದ್ದಿರಬೇಕು.

ಕೂರಿಸಿ, ನೀರು ಕೊಟ್ಟ. ನಾನು ಮೊದಲನೆಯ ಅಂಶಕ್ಕೆ ಕೈ ಹಾಕಿದೆ. ಸಾಲ ಮಾಡುವುದು ತಪ್ಪಲ್ಲ, ಮಾಡಿದ್ದನ್ನು ಹೊತ್ತಿಗೆ ಸರಿಯಾಗಿ ತೀರಿಸಬೇಕು ಎಂಬುದು ಅದು. ಅವನು ತಲೆ ತಗ್ಗಿಸಿ ಕೇಳಿ, ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದ. ಮೂರೂ ಸಾಲದ ರಸೀದಿಗಳನ್ನು ವರ್ಷವಾರು ದಾರ ಕಟ್ಟಿ ಇಟ್ಟಿದ್ದ. ಒಂದೇ ಒಂದು ಕಂತು ತಡವಾಗಿರಲಿಲ್ಲ. ಒಮ್ಮೆ ಕಂತಿನ ದಿನ ಬ್ಯಾಂಕಿಗೆ ರಜೆ ಬಂದಿತ್ತೆಂದು ಹಿಂದಿನ ದಿನವೇ ಹೋಗಿ ಕಟ್ಟಿ ಬಂದಿದ್ದ. ನನ್ನ ಶಾಲೆಯ ಕಡತಗಳನ್ನು ನಾನು ಅಷ್ಟು ಚೊಕ್ಕಟವಾಗಿ ಇಟ್ಟಿಲ್ಲ. ಎರಡನೆಯ, ಮೂರನೆಯ ಅಂಶಗಳು ನನ್ನಲ್ಲೇ ಉಳಿದವು.

ಆಮೇಲೆ ಅವನೇ ತನ್ನ ಸಂಕಟ ಹೇಳಿದ. ಅಮೀನಗಡದ ಕುರಿ ಸಂತೆಗೆ ಪ್ರತಿ ವಾರ ಬಾಡಿಗೆ ಗಾಡಿಯಲ್ಲಿ ಕುರಿ ಒಯ್ಯಬೇಕು, ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ. ಸ್ವಂತಕ್ಕೊಂದು ಸಣ್ಣ ಗೂಡ್ಸ್ ಗಾಡಿ ಮಾಡೋಣವೆಂದು ಎರಡು ವರ್ಷದ ಹಿಂದೆ ಬ್ಯಾಂಕಿಗೆ ಹೋದರೆ, ಇಳಕಲ್ಲಿನಲ್ಲಿ ನಿನ್ನದೊಂದು ಸಾಲ ಬಾಕಿ ಇದೆ ಎಂದು ವಾಪಸು ಕಳಿಸಿದರಂತೆ.

“ನನ್ನ ತಮ್ಮ ಆಗ ಇಳಕಲ್ಲಿನ್ಯಾಗ ಕಲ್ಲು ಪಾಲಿಶ್ ಮಾಡೂ ಕೆಲಸಕ್ಕಿದ್ದ. ನನ್ನ ಆಧಾರ್ ಝೆರಾಕ್ಸು ಅವನ ಕಡೆ ಇತ್ತು. ಅವನ ಮಾಡ್ಯಾನ ಅಂದೆ ನಾ. ಬೀರಪ್ಪನ ಭಂಡಾರ ಮುಟ್ಟಿ ಆಣಿ ಮಾಡಿದ, ನಾ ತಗೊಂಡಿಲ್ಲ ಅಂತ. ನಾ ನಂಬಲಿಲ್ರಿ,” ಎಂದ.

ಅಂದಿನಿಂದ ಮಾತಿಲ್ಲ. ಕುರಿ ಪಾಲಾದವು. ತಮ್ಮನು ತನ್ನ ಹೆಂಡತಿಯ ತವರಾದ ಐಹೊಳೆಗೆ ಹೋಗಿ, ಕೂಲಿ ಸಿಕ್ಕಾಗ ಕೂಲಿ, ಇಲ್ಲದಾಗ ಬಂದವರಿಗೆ ಗುಡಿ ತೋರಿಸಿಕೊಂಡು ಇದ್ದಾನೆ. ಬೀರಪ್ಪನ ಪೂಜೆಗೆ ಬಂದರೂ ಒಬ್ಬ ಮುಂಜಾನೆ, ಒಬ್ಬ ಸಂಜೆ. ಎರಡು ಕಂತಿನ ರೊಕ್ಕ ದೊಡ್ಡದಲ್ಲ, ತಾನೇ ಕಟ್ಟಿಬಿಡುತ್ತಿದ್ದೆ, ಆದರೆ ಭಂಡಾರ ಮುಟ್ಟಿ ಸುಳ್ಳು ಹೇಳಿದ್ದನ್ನು ಹೇಗೆ ನುಂಗುವುದು ಎಂದು ಅವನು ನನ್ನನ್ನೇ ಕೇಳಿದ. ಮಾಸ್ತರರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ.

ಬ್ಯಾಂಕಿನವರು ಕೊಟ್ಟ ಕಾಗದ ಆ ಚೀಲದಲ್ಲೇ ಇತ್ತು. ಅದರಲ್ಲಿ ಕಂತಿನ ಮೊತ್ತ ನೋಡಿದೆ. ಆ ಅಂಕಿಯನ್ನು ನಾನು ಹತ್ತು ತಿಂಗಳು, ಪ್ರತಿ ಐದನೇ ತಾರೀಖು, ಬೈದುಕೊಳ್ಳುತ್ತ ಕಟ್ಟಿದ್ದೆ.

ಇಳಕಲ್ಲಿನ ಒಂದು ಅಂಗಡಿಯಲ್ಲಿ ಹನ್ನೆರಡು ಕಂತಿಗೆ ತಂದ ಫ್ರಿಜ್ಜು ಅದು. ಬಾಡಿಗೆ ಮನೆ ಪದೇಪದೇ ಬದಲಾಗುತ್ತದೆಂದು ನಾನು ಫಾರಂನಲ್ಲಿ ಶಾಲೆಯ ವಿಳಾಸ ಬರೆದಿದ್ದೆ. ಹತ್ತನೆಯ ತಿಂಗಳು ಬಾಗಿಲ ಹಿಡಿಕೆ ಮುರಿಯಿತು. ಹಿಡಿಕೆಗೆ ಗ್ಯಾರಂಟಿ ಬರುವುದಿಲ್ಲ ಎಂದ ಅಂಗಡಿಯವನಿಗೆ ನಾನು ಎರಡು ಪುಟದ ಪತ್ರ ಬರೆದು, ನ್ಯಾಯ ಸಿಗುವವರೆಗೆ ಉಳಿದ ಎರಡು ಕಂತು ಕಟ್ಟುವುದಿಲ್ಲ ಎಂದು ಘೋಷಿಸಿದೆ. ರೊಕ್ಕ ಕೊಟ್ಟದ್ದು ಅಂಗಡಿಯವನಲ್ಲ, ಅವನ ಹಿಂದಿದ್ದ ಫೈನಾನ್ಸ್ ಕಂಪನಿ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಸಹಿ ಮಾಡುವಾಗ ಓದಿರಲಿಲ್ಲ. ಮಕ್ಕಳಿಗೆ ಮಾತ್ರ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎನ್ನುತ್ತೇನೆ. ಯಾರು ಯಾರೋ ಫೋನು ಮಾಡಿದರು. ಅಂಗಡಿಯವನ ಕಡೆಯವರೆಂದು ತಿಳಿದು ಎಲ್ಲರಿಗೂ ತತ್ವ ಬೋಧಿಸಿ, ಕೊನೆಗೆ ಸಿಮ್ಮನ್ನೇ ಬದಲಿಸಿದೆ. ಮರುವರ್ಷ ಅಂಗಡಿ ಮುಚ್ಚಿತು. ನನ್ನ ಪತ್ರದ ಪೆಟ್ಟಿಗೇ ಮುಚ್ಚಿತೆಂದು ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಹಟ್ಟಿಯ ಮುಂದೆ ಕೂತು ಇದೆಲ್ಲ ನೆನಪಾದಾಗ ನಾನು ಏನು ಮಾಡಿದೆ? ಅವನ ಹೆಂಡತಿ ಕೊಟ್ಟ ಚಹಾ ಪೂರ್ತಿ ಕುಡಿದೆ. ವಿಚಾರ ಮಾಡೋಣ ಎಂದು ಎದ್ದೆ. ಬಾಯಿ ಬಿಟ್ಟು ಒಂದು ಮಾತು ಹೇಳುವ ಧೈರ್ಯವಾಗಲಿಲ್ಲ. ಅವನು ಬಸ್ ನಿಲ್ದಾಣದವರೆಗೆ ಕಳಿಸಲು ಬಂದ.

“ನಮ್ಮ ಕುರಿ ಸಾಲದಿಂದ ನಿಮಗ ಭಾಳ ತ್ರಾಸ ಆತ್ರಿ ಸರ. ತಪ್ಪು ತಿಳೀಬ್ಯಾಡ್ರಿ,” ಎಂದು ಕೈ ಮುಗಿದ.

ನಾನೂ ಮುಗಿದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅಷ್ಟು ನಾಚಿಕೆಯಾದರೂ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕದ್ದಕ್ಕೆ ಸಮಾಧಾನವೂ ಆಯಿತು. ನಾನು ಅಂಥ ಮನುಷ್ಯ.

ಮನೆಯಲ್ಲಿ ಫ್ರಿಜ್ಜು ಎಂದಿನಂತೆ ನಿಂತಿತ್ತು. ಹಿಡಿಕೆ ಇದ್ದ ಕಡೆ ನನ್ನ ಹೆಂಡತಿ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡೊಂದನ್ನು ಕಟ್ಟಿದ್ದಾಳೆ. ಆರು ವರ್ಷದಿಂದ ಅದನ್ನೇ ಜಗ್ಗಿ ಬಾಗಿಲು ತೆಗೆಯುತ್ತೇವೆ. ಅವಳಿಗೆ ಎಲ್ಲ ಹೇಳಿದೆ. ತಾನು ಅವತ್ತೇ ಇಳಕಲ್ಲಿನ ಮಾತೆತ್ತಿದ್ದನ್ನು ಅವಳು ಎತ್ತಿ ಆಡಲಿಲ್ಲ. ಆಡಿದ್ದರೆ ವಾಸಿ ಇತ್ತು.

“ಕಾರು ಬ್ಯಾಡ್ರಿ ನನಗ. ಹೆಂಗರ ಬಸ್ಸು ಹತ್ತೇನಿ. ನೀವು ಮೊದ್ಲ ಆ ಅಣ್ಣತಮ್ಮರ ಮುಂದ ನಿಂತು ಖರೇ ಹೇಳ್ರಿ,” ಎಂದಳು.

ಹೋಗುತ್ತೇನೆ ಎಂದೆ. ಹೋಗಲಿಲ್ಲ. ನಾಲ್ಕಕ್ಕೂ ‘ನನ್ನದಲ್ಲ’ ಎಂದು ಬರೆದಿದ್ದೆನಲ್ಲ, ಕಂಪನಿಯವರೇ ಹೌದು ನಿನ್ನದಲ್ಲ ಎಂದುಬಿಟ್ಟರೆ ದೇವರೇ ಕ್ಷಮಿಸಿದಂತೆ ಎಂದು ಒಳಗೊಳಗೇ ಒಂದು ಆಸೆ ಇತ್ತು. ಎರಡು ವಾರಕ್ಕೆ ಉತ್ತರ ಬಂತು. ಕುರಿ ಸಾಲಗಳ ಬಗ್ಗೆ ವಿಚಾರಣೆ ನಡೆದಿದೆ, ನಾಲ್ಕನೆಯದು ನಿಮ್ಮದೇ ಎಂದಿತ್ತು. ಜೊತೆಗೆ ಅರ್ಜಿಯ ನಕಲು. ನನ್ನ ಮುತ್ತಿನಂಥ ಅಕ್ಷರ, ನನ್ನ ಸಹಿ, ನನ್ನ ಫೋಟೋ. ಫೋಟೋದಲ್ಲಿ ನಾನು ಬಾಯಿ ತುಂಬ ನಗುತ್ತಿದ್ದೆ.

ಮರುದಿನ ರಜೆ ಹಾಕಿ ಇಳಕಲ್ಲಿಗೆ ಹೋದೆ. ಎರಡು ಕಂತು ಬಡ್ಡಿ, ದಂಡ ಸೇರಿ ಒಳ್ಳೆ ದಪ್ಪವಾಗಿ ಬೆಳೆದಿದ್ದವು. ಕಟ್ಟಿ, ಈ ಸಾಲ ನನ್ನದು, ಈಗ ಏನೂ ಬಾಕಿ ಇಲ್ಲ ಎಂಬ ಕಾಗದ ಬರೆಸಿಕೊಂಡೆ. ಅಲ್ಲೇ ಒಂದು ರಿಪೇರಿ ಅಂಗಡಿಯಲ್ಲಿ ಹಿಡಿಕೆಯೂ ಸಿಕ್ಕಿತು, ಇನ್ನೂರು ರೂಪಾಯಿಗೆ. ಮನೆಗೆ ತಂದರೆ ಹೆಂಡತಿ ಹಾಕಲು ಬಿಡಲಿಲ್ಲ. ಸೆರಗು ಇರಲಿ, ಹಾಲು ತೆಗೆದಾಗೊಮ್ಮೆ ನೆನಪಾಗಲಿ ಎಂದು ಹಿಡಿಕೆಯನ್ನು ಅಟ್ಟಕ್ಕೆ ಎಸೆದಳು.

ಹೊಸ ತಕರಾರು ಹಾಕಿದೆ. ಈ ಸಲ ನಮ್ಮ ವಂಶದ ವಿಷಯ ಬರೆಯಲಿಲ್ಲ. ಕುರಿ ಸಾಲ ಮೂರೂ ಇನ್ನೊಬ್ಬರವು, ಫ್ರಿಜ್ಜು ಒಂದೇ ನನ್ನದು, ಇಬ್ಬರ ಕಡತ ಬೇರೆ ಮಾಡಿ ಎಂದು ಎರಡೇ ಸಾಲು. ತಿಂಗಳೊಳಗೆ ಬೇರೆ ಆಯಿತು. ಬ್ಯಾಂಕಿಗೆ ಹೋಗಿ ತೋರಿಸಿದೆ. ಆ ಹುಡುಗಿ ನೋಡಿ, ಸಾಲ ಕೊಡಬಹುದೇ ಎಂದು ಬ್ಯಾಂಕಿನವರು ನೋಡುವ ನನ್ನ ಅಂಕ ಮೊದಲಿಗಿಂತ ಕೆಳಗಿಳಿದಿದೆ ಎಂದಳು. ನನ್ನ ಸ್ವಂತ ಕಡತದಲ್ಲಿ ಈಗ ಇರುವುದು ಒಂದೇ ಸಾಲ, ಅದೂ ವರ್ಷಗಟ್ಟಲೆ ಕಟ್ಟದೆ ಬಿಟ್ಟದ್ದು. ಅದುವರೆಗೆ ನನ್ನನ್ನು ಅಷ್ಟಾದರೂ ಮೇಲೆ ಹಿಡಿದದ್ದು ಆ ಮನುಷ್ಯನ ರಸೀದಿಗಳು.

“ಬೇಜಾರು ಮಾಡ್ಕೋಬೇಡಿ ಸರ್. ಇಷ್ಟು ದಿನ ನಿಮ್ಮನ್ನ ಕುರಿಗಳೇ ಕಾಯ್ತಿದ್ವು,” ಎಂದಳು.

ಕಾರಿನ ಮಾತು ಅಲ್ಲಿಗೆ ಮುಗಿಯಿತು. ಇನ್ನು ನೆಪ ಉಳಿದಿರಲಿಲ್ಲ. ಬಾಕಿ ಇಲ್ಲವೆಂಬ ಕಾಗದ, ಬೇರೆಯಾದ ವರದಿ ಎರಡನ್ನೂ ಚೀಲದಲ್ಲಿಟ್ಟುಕೊಂಡು ಮತ್ತೆ ಆ ಹಳ್ಳಿಗೆ ಹೋದೆ. ಈ ಸಲ ಅಂಶಗಳಿರಲಿಲ್ಲ. ಆ ಫ್ರಿಜ್ಜು ನನ್ನದು, ನಿಮ್ಮ ತಮ್ಮನದಲ್ಲ, ಹಿಂದಿನ ಸಲ ಬಂದಾಗಲೇ ನನಗೆ ಗೊತ್ತಾಗಿತ್ತು, ಹೇಳದೆ ಹೋದೆ ಎಂದೆ. ಅವನು ಬೈದಿದ್ದರೆ ಕೇಳಲು ತಯಾರಾಗಿ ಬಂದಿದ್ದೆ. ಅವನು ಬೈಯಲಿಲ್ಲ. ಕಾಗದ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ಕೊಟ್ಟ. ಆಮೇಲೆ ಮೋಟರ್ ಸೈಕಲ್ ಹೊರಗೆ ತೆಗೆದು, ಹಿಂದ ಕೂಡ್ರಿ ಎಂದ.

ಐಹೊಳೆಯವರೆಗೆ ನಾವು ಒಂದೇ ಹೆಸರಿನ, ಒಂದೇ ದಿನ ಹುಟ್ಟಿದ ಇಬ್ಬರು ಒಂದೇ ಗಾಡಿಯಲ್ಲಿ ಹೋದೆವು. ತಮ್ಮನು ಗುಡಿಗಳ ಕಂಪೌಂಡಿನ ಹೊರಗೆ, ಬೇವಿನ ಗಿಡದ ಕೆಳಗೆ, ಯಾರಾದರೂ ನೋಡುವವರು ಬರುತ್ತಾರೇನೋ ಎಂದು ಕಾಯುತ್ತ ಕೂತಿದ್ದ. ಅಣ್ಣನನ್ನು ನೋಡಿ ಎದ್ದು ನಿಂತ. ಇಬ್ಬರ ನಡುವೆ ನಾನು ನಿಂತು, ಮೊದಲಿನಿಂದ ಕೊನೆಯವರೆಗೆ, ಹಿಡಿಕೆಯಿಂದ ಹಿಡಿದು ಕುಡಿದ ಚಹಾದವರೆಗೆ ಎಲ್ಲ ಒಪ್ಪಿಸಿದೆ. ಚೀಲದಿಂದ ಕಾಗದ ತೆಗೆದು ಮುಂದೆ ಹಿಡಿದೆ.

ತಮ್ಮನು ಕಾಗದ ಮುಟ್ಟಲಿಲ್ಲ. ನನ್ನ ಮೇಲೆ ಅವನಿಗೆ ಸಿಟ್ಟು ಇದ್ದಂತೆಯೂ ಕಾಣಲಿಲ್ಲ. ನಾನು ಅವನ ಲೆಕ್ಕಕ್ಕೇ ಬಂದಿರಲಿಲ್ಲ.

“ನಾ ಭಂಡಾರ ಮುಟ್ಟಿ ಹೇಳಿದ್ದೆ, ಆಗ ನಂಬಲಿಲ್ಲ. ಈಗ ಇವ್ರು ಕಾಗದಾ ತಂದ್ರು ಅಂತ ನಂಬ್ಯಾನ,” ಎಂದ. ನನಗೆ ಹೇಳಿದ್ದು, ನೋಡಿದ್ದು ಅಣ್ಣನನ್ನು.

ನಾನು ಇಷ್ಟು ದೂರ ಯೋಚಿಸಿಯೇ ಇರಲಿಲ್ಲ. ಕಾಗದ ತೋರಿಸಿದರೆ ಎಲ್ಲ ಸರಿಹೋಗುತ್ತದೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ, ನನಗೆ ಒಂದು ಊಟ ಹಾಕುತ್ತಾರೆ ಎಂದುಕೊಂಡಿದ್ದೆ. ಅಣ್ಣನ ಮುಖ ನೋಡಲಾಗಲಿಲ್ಲ. ಒಂದು ಬಸ್ಸು ಬಂದು, ಜನ ಇಳಿದು, ಗುಡಿಯ ಕಡೆ ಹೋದರು. ತಮ್ಮ ಅವರ ಹಿಂದೆ ಹೋಗಲಿಲ್ಲ.

“ಸರ, ಆ ಕಾಗದಾ ಒಳಗ ಇಡ್ರಿ,” ಎಂದ ಅಣ್ಣ.

ಇಟ್ಟೆ. ಅವನು ತನ್ನ ಅಂಗಿಯ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದ. ಬೀರಪ್ಪನ ಭಂಡಾರ. ಅಂಗೈ ಮೇಲೆ ಹಾಕಿಕೊಂಡು ತಮ್ಮನ ಮುಂದೆ ಹಿಡಿದ.

“ಆ ಕಾಗದಾ ನಾ ನೋಡೇ ಇಲ್ಲ ಅಂತ ತಿಳಿ. ಅವತ್ತು ಹೇಳಿದ್ದು ಇನ್ನೊಮ್ಮಿ ಹೇಳು,” ಎಂದ.

ತಮ್ಮ ಎರಡು ಬೆರಳಿನಿಂದ ಭಂಡಾರ ಮುಟ್ಟಿದ.

“ನಾ ತಗೊಂಡಿಲ್ಲಣ್ಣ.”

“ಆತು,” ಎಂದ ಅಣ್ಣ.